ಆರು ನಿಮಿಷದ ನಕಲು

ನಿವೃತ್ತಿಯ ದಿನ ಬಾಗಲಕೋಟೆಯ ಆಫೀಸಿನಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ, ‘ಸುನಂದಾ ಮೇಡಂ ಕೈಯಲ್ಲಿ ಕೆಟ್ಟ ಮಶಿನ್ ಒಂದೂ ಇಲ್ಲ’ ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನಾನೂ ಕೈ ಮುಗಿದೆ. ಸುಳ್ಳು ಕೇಳುತ್ತ ಕೈ ಮುಗಿಯುವುದು ಮೂವತ್ತು ವರ್ಷದ ನೌಕರಿಯಲ್ಲಿ ಚೆನ್ನಾಗಿ ರೂಢಿಯಾಗಿಬಿಡುತ್ತದೆ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಫೋನ್ ಮಾಡಿ, “ಅಕ್ಕಾರ, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಕ್ಕೈತಿ” ಎನ್ನುತ್ತಾರೆ. ಬರೆಯುತ್ತೇನೆ, ತಗೊಳ್ಳಿ. ಯಾವ ವರ್ಷ ಬಡ್ತಿ ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಅನ್ನುವುದನ್ನೆಲ್ಲ ಬಿಡುತ್ತೇನೆ. ಅದರಿಂದ ನಿಮಗೆ ಮೂರು ಕಾಸಿನ ಪ್ರಯೋಜನವಿಲ್ಲ, ನನಗೂ ಆಗಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಸೇರಿದ್ದು ಒಂದು ಖಾಸಗಿ ಕಂಪನಿಗೆ. ಜಿಲ್ಲೆಯ ಸಂಘಗಳು, ಬ್ಯಾಂಕುಗಳು, ಕಾಲೇಜುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗುತ್ತಿಗೆ ಅದಕ್ಕಿತ್ತು. ಆಫೀಸು ಬಾಗಲಕೋಟೆಯಲ್ಲಿ, ಬಾದಾಮಿ, ಹುನಗುಂದ, ಇಳಕಲ್ಲು ನನ್ನ ಪಾಲಿಗೆ. ಹೆಗಲಿಗೊಂದು ಬ್ಯಾಗು, ಅದರಲ್ಲಿ ಸ್ಕ್ರೂಡ್ರೈವರು, ಧೂಳು ಹೊಡೆಯುವ ಬ್ರಶ್ಶು, ರೊಟ್ಟಿಯ ಡಬ್ಬಿ. ಹೋದಲ್ಲೆಲ್ಲ ಒಂದೇ ಸ್ವಾಗತ.

“ಬರ್ರಿ ಅಕ್ಕಾರ, ಕೂಡ್ರಿ. ರಿಪೇರಿ ಮಾಡೋರು ಹಿಂದ ಬರಾಕತ್ತಾರೇನ್ರಿ?”

“ನಾನ ರೀ ರಿಪೇರಿ ಮಾಡಾಕಿ.”

“ಹೌದೇನ್ರಿ!”

ಆಮೇಲೆ ನಾನು ಪೆಟ್ಟಿಗೆಯ ಸ್ಕ್ರೂ ಬಿಚ್ಚುವಾಗ ಆಫೀಸಿನ ನಾಲ್ಕು ಜನ ಕೆಲಸ ಬಿಟ್ಟು ಸುತ್ತ ನಿಂತು ಜಾದೂ ನೋಡಿದ ಹಾಗೆ ನೋಡುತ್ತಿದ್ದರು. ಮಶಿನ್ ಚಾಲೂ ಆದರೆ ‘ಸಣ್ಣ ದೋಷ ಇದ್ದಿರಬೇಕು ಬಿಡ್ರಿ’ ಎನ್ನುತ್ತಿದ್ದರು. ಆಗದಿದ್ದರೆ ‘ಗಂಡಸರನ್ನ ಕಳಸಬೇಕಿತ್ತು’ ಎನ್ನುತ್ತಿದ್ದರು. ಇದಕ್ಕೆಲ್ಲ ಸಿಟ್ಟಾಗುವುದನ್ನು ಎರಡೇ ವರ್ಷದಲ್ಲಿ ಬಿಟ್ಟೆ.

ನಿಮಗೆ ಗೊತ್ತಿದ್ದದ್ದೇ ಆದರೂ ಒಮ್ಮೆ ಹೇಳುತ್ತೇನೆ. ಮದರ್‌ಬೋರ್ಡಿನ ಮೇಲೆ ಉಗುರಿನಗಲದ ಒಂದು ಚಿಪ್ಪಿರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆಗೆದು ಅಂಗಳಕ್ಕೆ ನೀರು ಹಾಕುವವಳು ಒಬ್ಬಳಿರುತ್ತಾಳಲ್ಲ, ಹಾಗೆ ಸ್ವಿಚ್ಚು ಒತ್ತಿದ ಕೂಡಲೇ ಮೊದಲು ಏಳುವುದು ಆ ಚಿಪ್ಪಿನೊಳಗಿನ ಪ್ರೋಗ್ರಾಮು. ಅದಕ್ಕೆ ಬಯೋಸ್ ಅನ್ನಿ, ಫರ್ಮ್‌ವೇರ್ ಅನ್ನಿ. ಅದು ಎದ್ದು ಉಳಿದವರನ್ನು ಎಬ್ಬಿಸದಿದ್ದರೆ ಹಾರ್ಡ್ ಡಿಸ್ಕು, ಕೀಬೋರ್ಡು, ಪರದೆ ಎಲ್ಲ ಹೆಣ. ತಯಾರಕರು ಆಗಾಗ ಅದರ ಹೊಸ ಆವೃತ್ತಿ ಕೊಡುತ್ತಾರೆ. ಹೊಸದನ್ನು ಬರೆಯುವಾಗ ಹಳೆಯದು ಅಳಿಯುತ್ತದೆ. ಆದ್ದರಿಂದ ಬರೆಯುವ ಮೊದಲು ಹಳೆಯದರ ನಕಲು ತೆಗೆದಿಡಬೇಕು. ಇಷ್ಟೇ ಮಾತು. ಎರಡನೆಯ ಇಯತ್ತೆಯ ಮಕ್ಕಳಿಗೂ ತಿಳಿಯುತ್ತದೆ. ನನಗೆ ತಿಳಿಯಬೇಕಾದರೆ ಹುನಗುಂದಕ್ಕೆ ಹೋಗಿ ಮುಖ ಕೆಡಿಸಿಕೊಳ್ಳಬೇಕಾಯಿತು.

ಫ್ಲಾಪಿ ಕಾಲದ ಮಾತು. ಹುನಗುಂದದ ಒಂದು ಸಹಕಾರಿ ಸಂಘದಲ್ಲಿ ಬಯೋಸ್ ಬದಲಿಸುತ್ತಿದ್ದೆ. ‘ಈಗಿರುವುದನ್ನು ಉಳಿಸಿಕೊಳ್ಳಲೇ?’ ಎಂದು ಪರದೆ ಕೇಳಿತು. ಬೇಡ ಎಂದು ಒತ್ತಿದೆ, ದೊಡ್ಡ ಜಾಣೆಯ ಹಾಗೆ. ಅರ್ಧ ಬರೆದಿತ್ತು, ಕರೆಂಟು ಹೋಯಿತು. ತಿರುಗಿ ಬಂದಾಗ ಮಶಿನ್ ಉಸಿರಾಡಲಿಲ್ಲ. ಹಳೆಯದು ಇಲ್ಲ, ಹೊಸದು ಅರ್ಧ. ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು, “ಬರೂಕ್ಕಿಂತ ಮೊದಲ ನಡೀತಿತ್ತಲ್ರಿ ಅಕ್ಕಾರ?” ಎಂದರು. ಆ ಪ್ರಶ್ನೆಗೆ ಉತ್ತರ ನಮ್ಮ ವೃತ್ತಿಯಲ್ಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಪುಣ್ಯಕ್ಕೆ ಅಲ್ಲಿ ಅಂಥದೇ ಇನ್ನೊಂದು ಮಶಿನ್ ಇತ್ತು. ಅದರ ಬೋರ್ಡಿನ ಚಿಪ್ಪಿನ ಕೆಳಗೆ ಮಲ್ಲಿಗೆ ಕಟ್ಟುವ ದಾರ ತೂರಿಸಿ, ಮಶಿನ್ ಚಾಲೂ ಮಾಡಿ, ಅದರ ನಕಲು ಫ್ಲಾಪಿಗೆ ತೆಗೆದುಕೊಂಡೆ. ಆಮೇಲೆ ಮಶಿನ್ ಚಾಲೂ ಇರುವಾಗಲೇ ದಾರ ಎಳೆದು ಆ ಚಿಪ್ಪನ್ನು ಕಿತ್ತು, ಸತ್ತ ಚಿಪ್ಪನ್ನು ಅದೇ ಜಾಗದಲ್ಲಿ ಕೂರಿಸಿ, ನಕಲನ್ನು ಅದರ ಮೇಲೆ ಬರೆದೆ. ಗುಮಾಸ್ತರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು, “ಯವ್ವಾ! ಓಡೋ ಚಕ್ಕಡಿ ಗಾಲಿ ಬಿಚ್ಚಿ ಬ್ಯಾರೇ ಗಾಲಿ ಹಾಕಿದಂಗ ಆತಲ್ರಿ ಇದು!” ಎಂದರು. ಎರಡೂ ಚಿಪ್ಪುಗಳನ್ನು ತಂತಮ್ಮ ಬೋರ್ಡಿಗೆ ಕೂರಿಸಿದ ಮೇಲೆ ಸತ್ತ ಮಶಿನ್ ಎದ್ದಿತು. ನನ್ನ ರವಿಕೆ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು.

ಅಂದಿನಿಂದ ನಕಲು ತೆಗೆಯದೆ ಯಾವ ಚಿಪ್ಪನ್ನೂ ಮುಟ್ಟಲಿಲ್ಲ. ಓದುವುದು, ಓದಿದ್ದನ್ನು ಚಿಪ್ಪಿನ ಜೊತೆ ಹೋಲಿಸುವುದು, ಇನ್ನೊಮ್ಮೆ ಓದಿ ಎರಡನ್ನೂ ತಾಳೆ ನೋಡುವುದು, ಆ ನಕಲನ್ನು ಅದೇ ಮಶಿನ್ನಿನಲ್ಲಿ ಬಿಡದೆ ಹೊರಗೆ ಒಯ್ಯುವುದು, ಮೇಲೆ ಊರು, ಆಫೀಸು, ಮಶಿನ್ ನಂಬರು ಬರೆದು ಚೀಟಿ ಹಚ್ಚುವುದು. ಎಲ್ಲ ಸೇರಿ ಆರು ನಿಮಿಷ. ಆ ಆರು ನಿಮಿಷ ನನಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜವಾಯಿತು.

ಇದಕ್ಕೆ ಯಾರಾದರೂ ಶಭಾಶ್ ಎಂದರೇ? ಕೇಳಲೇಬೇಡಿ. ಬಾದಾಮಿಯ ಕಾಲೇಜೊಂದರಲ್ಲಿ ಹೊಸ ಆವೃತ್ತಿ ಹಾಕಿದ ಮೇಲೆ ಕೀಬೋರ್ಡು ಕೆಲಸ ಮಾಡಲಿಲ್ಲ. ಆ ಆವೃತ್ತಿಯಲ್ಲೇ ದೋಷ. ಚಿಪ್ಪನ್ನು ಕಿತ್ತು ಆಫೀಸಿಗೆ ತಂದು, ನನ್ನ ಹತ್ತಿರವಿದ್ದ ನಕಲನ್ನು ತಿರುಗಿ ಬರೆದು, ಮರುದಿನ ಕೂರಿಸಿ ಬಂದೆ. ಪ್ರಿನ್ಸಿಪಾಲರು ಕೆಲಸದ ಹಾಳೆಗೆ ಸಹಿ ಹಾಕಲು ಒಪ್ಪಲಿಲ್ಲ. “ಮೊದಲ ಹೆಂಗಿತ್ತೋ ಹಂಗ ಐತಿ. ಮತ್ತ ನೀವು ಎರಡ ದಿನ ಮಾಡಿದ್ದೇನ್ರಿ?” ಎಂದರು. ಇದ್ದದ್ದನ್ನು ಇದ್ದ ಹಾಗೆ ಉಳಿಸುವುದು ಯಾರ ಕಣ್ಣಿಗೂ ಕೆಲಸವಾಗಿ ಕಾಣುವುದಿಲ್ಲ. ನೀವು ಈ ವೃತ್ತಿಗೆ ಬರುವುದಾದರೆ ಇದೊಂದನ್ನು ಮೊದಲೇ ನುಂಗಿಕೊಂಡು ಬನ್ನಿ.

ನಿವೃತ್ತಿಗೆ ನಾಲ್ಕೈದು ವರ್ಷ ಇರುವಾಗ ಜೋಶಿ ಸಾಹೇಬರು ನಮ್ಮ ಮ್ಯಾನೇಜರಾಗಿ ಬಂದರು. ಮಾತು ಬೆಣ್ಣೆ. ಅಷ್ಟರಲ್ಲಿ ಪದ್ಧತಿಯೂ ಬದಲಾಗಿತ್ತು. ಫ್ಲಾಪಿ ಹೋಗಿ ಪೆನ್‌ಡ್ರೈವು ಬಂದಿತ್ತು. ಒಂದು ಮಾದರಿಯ ಎಲ್ಲ ಮಶಿನ್ನುಗಳಿಗೂ ಒಂದೇ ಪೆನ್‌ಡ್ರೈವು. ಚುಚ್ಚಿ ಒಂದು ಆಜ್ಞೆ ಕೊಟ್ಟರೆ ಇಡೀ ಚಿಪ್ಪನ್ನು ಅದೇ ಅಳಿಸಿ ಅದೇ ಬರೆಯುತ್ತಿತ್ತು. ಅದರಲ್ಲೂ ನಕಲು ತೆಗೆಯುವ ಒಂದು ಸಾಲು ಇತ್ತು. ಸಾಹೇಬರು ಆ ಸಾಲನ್ನೇ ತೆಗೆಸಿದರು. ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿದರು:

“ಸುನಂದಾಬಾಯಿ, ಉಳಿದವರು ದಿನಕ್ಕ ಹನ್ನೆರಡು ಮಶಿನ್ ಮಾಡ್ಲಿಕ್ಕತ್ತಾರ. ನೀವು ಏಳು. ನಿಮ್ಮ ಆರು ನಿಮಿಷದ ಮಡಿ ಇನ್ನೂ ಮುಗದಿಲ್ಲೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ, ನಾಚಿಕೆಗೆಟ್ಟು. ಆದರೂ ಒಂದು ವಾರ ಕದ್ದು ನಕಲು ತೆಗೆಯುತ್ತಲೇ ಇದ್ದೆ. ಆಮೇಲೆ ಇಳಕಲ್ಲಿನ ಪಾಳಿ ಬಂತು.

ಇಳಕಲ್ಲಿನಲ್ಲಿ ಒಂದು ನೇಕಾರರ ಸಂಘ. ಅಲ್ಲಿ ಸೀರೆಯ ದಡಿ, ಸೆರಗುಗಳ ವಿನ್ಯಾಸ ಬರೆಯುತ್ತಿದ್ದವರು ನಾಗಪ್ಪಣ್ಣ. ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಬರೆಯುತ್ತಿದ್ದುದರಿಂದ ಊರೆಲ್ಲ ಗ್ರಾಫ್ ನಾಗಪ್ಪ ಎಂದೇ ಕರೆಯುತ್ತಿತ್ತು. ಐವತ್ತರ ಹತ್ತಿರ ಬಂದ ಮೇಲೆ, ಮೌಸ್ ಹಿಡಿದರೆ ಕೈ ನಡುಗುವ ಮನುಷ್ಯ, ಹಟ ಹಿಡಿದು ಕಂಪ್ಯೂಟರು ಕಲಿತಿದ್ದರು. ಗೋಮಿ ದಡಿ, ಚಿಕ್ಕಿ ಪರಾಸ, ಗೋಪುರದ ಸಾಲಿನಂಥ ಟೋಪ್ ತೆನೆಯ ಸೆರಗು, ಅಪ್ಪನ ಕಾಲದಿಂದ ಬಂದದ್ದು, ತಾವೇ ಕಟ್ಟಿದ್ದು, ಎಲ್ಲವನ್ನೂ ಒಂದೊಂದೇ ಚೌಕ ಎಣಿಸಿ ಅದರೊಳಗೆ ಸೇರಿಸಿದ್ದರು. ನೂರಕ್ಕೂ ಮಿಕ್ಕಿದ್ದವು. ಹಳೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ವಿನ್ಯಾಸದ ಪ್ರೋಗ್ರಾಮು ದೂರದ ಊರಿನ ಒಂದು ಸಣ್ಣ ಕಂಪನಿಯದು. ಆ ಪ್ರೋಗ್ರಾಮಿಲ್ಲದೆ ಆ ಕಡತಗಳು ತೆರೆಯುತ್ತಿರಲಿಲ್ಲ.

ನಾನು ಹೋದಾಗಲೆಲ್ಲ, “ನಾಗಪ್ಪಣ್ಣ, ಆರ ನಿಮಿಷ ನಿಮಗ ಸೂಟಿ, ಚಾ ಕುಡದ ಬರ್ರಿ” ಎನ್ನುತ್ತಿದ್ದೆ. ಅವರು ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕೂತು, ಪರದೆಯ ಮೇಲೆ ಓಡುವ ಅಂಕಿಗಳನ್ನು ಮಗ್ಗದ ಎಳೆ ನೋಡಿದಷ್ಟೇ ಗಮನದಿಂದ ನೋಡುತ್ತಿದ್ದರು.

ಅಂದು ಮೂರು ಗಂಟೆಯ ಬಿಸಿಲು. ಬೆಳಗಿನಿಂದ ಸಾಹೇಬರ ಫೋನು ಮೂರು ಸಲ ಬಂದಿತ್ತು. ನಾಲ್ಕರ ಬಸ್ಸಿಗೆ ಹುನಗುಂದಕ್ಕೆ ಹೋಗಿ ಅಲ್ಲಿ ಇನ್ನೂ ಎರಡು ಮಶಿನ್ ಮುಗಿಸಬೇಕಿತ್ತು. ನಾಗಪ್ಪಣ್ಣ ಒಂದು ಹೊಸ ಸೆರಗು ಬರೆಯುತ್ತಿದ್ದರು. “ತಿಂಗಳಾತ್ರಿ ಹಿಡದು. ಇನ್ನ ಎರಡ ತೆನಿ ಉಳದಾವ. ಮುಗದ ಮ್ಯಾಲ ಮೊದಲ ನಿಮಗ ತೋರಸ್ತೇನಿ” ಎಂದು ಎದ್ದು ಜಾಗ ಕೊಟ್ಟರು. ನಾನು ನೇರವಾಗಿ ಪೆನ್‌ಡ್ರೈವು ಚುಚ್ಚಿದೆ.

“ಅಕ್ಕಾರ, ನಿಮ್ಮ ಆರ ನಿಮಿಷದ್ದು ಮೊದಲ ಮಾಡೂದಿಲ್ಲೇನ್ರಿ?”

“ಈಗ ಅದು ಬೇಕಾಗೂದಿಲ್ಲ ನಾಗಪ್ಪಣ್ಣ. ಹೊಸಾ ಪದ್ಧತಿ ಬಂದೈತಿ.”

ಹೀಗೆಂದದ್ದು ನಾನೇ, ನನ್ನ ಬಾಯಿಂದಲೇ. ಜೋಶಿ ಸಾಹೇಬರು ಅಲ್ಲಿರಲಿಲ್ಲ. ಬಸ್ಸು ತಪ್ಪುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು.

ಬರೆಯುವುದು ನಡೆದಿತ್ತು. ನನ್ನ ಹಣೆಯ ಬೆವರು ನೋಡಿ ನಾಗಪ್ಪಣ್ಣ, “ಸೆಕಿ ಭಾಳ ಆಗೇತಿ, ಅಕ್ಕಾರಿಗೆ ಗಾಳಿ ಬೇಕು” ಎಂದು ಕೈ ಚಾಚಿ ಗೋಡೆಯ ಮೇಲಿನ ಫ್ಯಾನಿನ ಗುಂಡಿ ಒತ್ತಿದರು. ಕಂಪ್ಯೂಟರಿನ ಪ್ಲಗ್ಗೂ ಅದೇ ಸ್ವಿಚ್ ಹಲಗೆಯ ಮೇಲಿತ್ತು. ಫ್ಯಾನು ತಿರುಗಿತು. ಪರದೆ ಒಮ್ಮೆಯೂ ಮಿಟುಕಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಬರೆಯುವುದು ಪೂರ್ತಿ ಮುಗಿಯಿತು. ಮಶಿನ್ ತಿರುಗಿ ಚಾಲೂ ಆಯಿತು. ಎಲ್ಲ ಸರಿಯಿತ್ತು.

ನಾಗಪ್ಪಣ್ಣ ತಮ್ಮ ಪ್ರೋಗ್ರಾಮು ತೆರೆಯಲು ಹೋದರು. ‘ಈ ಕಂಪ್ಯೂಟರಿಗೆ ಪರವಾನಗಿ ಇಲ್ಲ’ ಎಂದು ಒಂದು ಸಾಲು ಬಂದು ಮುಚ್ಚಿಕೊಂಡಿತು. ಮತ್ತೆ ಒತ್ತಿದರು. ಮತ್ತೆ ಅದೇ.

ಕಾರಣ ನನಗೆ ಆಗ ಹೊಳೆಯಿತು. ಆ ಪ್ರೋಗ್ರಾಮು ತನ್ನ ಮಶಿನ್ನನ್ನು ಗುರುತು ಹಿಡಿಯುತ್ತಿದ್ದುದು ಚಿಪ್ಪಿನೊಳಗೆ ಬರೆದ ಒಂದು ನಂಬರಿನಿಂದ. ಪೆಟ್ಟಿಗೆಯ ಹಿಂದೆ ಅಂಟಿಸಿದ ನಂಬರು ಬೇರೆ, ಇದು ಬೇರೆ. ಒಂದೊಂದು ಬೋರ್ಡಿಗೂ ಒಂದೊಂದು. ನಮ್ಮ ಪೆನ್‌ಡ್ರೈವು ಇಡೀ ಚಿಪ್ಪನ್ನು ಒರೆಸಿ ಬರೆದಿತ್ತು. ಉಳಿದ ಆಫೀಸುಗಳಲ್ಲೂ ಆ ನಂಬರು ಹೋಗಿತ್ತು, ಆದರೆ ಅಲ್ಲಿ ಅದನ್ನು ಕೇಳುವವರಿರಲಿಲ್ಲ. ಇಲ್ಲಿ ಕೇಳುವ ಪ್ರೋಗ್ರಾಮು ಇತ್ತು. ನಕಲಿದ್ದರೆ ಅದರೊಳಗೆ ಆ ನಂಬರೂ ಇರುತ್ತಿತ್ತು. ಹಿಂದೆ ನಾನು ಅಲ್ಲಿ ತೆಗೆದಿಟ್ಟ ನಕಲುಗಳು ಹಳೆಯ ಬೋರ್ಡಿನವು. ಇದು ಆಮೇಲೆ ಹಾಕಿದ ಬೋರ್ಡು. ಇದರ ಚಿಪ್ಪನ್ನು ಮುಟ್ಟಿದ್ದು ಅದೇ ಮೊದಲ ಸಲ.

ನಾಲ್ಕರ ಬಸ್ಸೂ ಹೋಯಿತು, ಆರರ ಬಸ್ಸೂ ಹೋಯಿತು. ಏನು ಮಾಡಿದರೂ ತೆರೆಯಲಿಲ್ಲ. ಪ್ರೋಗ್ರಾಮಿನ ಕಂಪನಿಗೆ ಫೋನ್ ಮಾಡಿದರೆ ಅವರ ಫೋನೇ ಚಾಲ್ತಿಯಲ್ಲಿಲ್ಲ. ಮುಂದಿನ ಒಂದು ತಿಂಗಳು ಹುಡುಕಿದೆ, ಕಂಪನಿಯೇ ಮುಚ್ಚಿತ್ತು. ಕಡತಗಳ ಸಿ.ಡಿ. ಸಂಘದಲ್ಲಿತ್ತು, ಪೆಟ್ಟಿಗೆ ತುಂಬ ಧಾನ್ಯವಿದ್ದು ಕೀಲಿ ಕಳೆದುಕೊಂಡಂತೆ. ಮಗ್ಗದ ಮೇಲೆ ಆಗ ನಡೆದಿದ್ದ ಐದಾರು ದಡಿ ಉಳಿದವು. ಉಳಿದದ್ದೆಲ್ಲ ಹೋಯಿತು.

ಆದರೆ ನಾನು ಬರೆಯಬೇಕಾದದ್ದು ಆ ವಿನ್ಯಾಸಗಳ ಮಾತಲ್ಲ. ಅದು ತಪ್ಪು, ಎಂಥವರಿಗೂ ಆಗುತ್ತದೆ. ಮರುದಿನ ಮಾಡಿದ್ದು ಬರೀ ತಪ್ಪಲ್ಲ, ಅದು ಪಾಪ.

ಜೋಶಿ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ಹೆಂಗಾತು ಅಂತ ಸಂಘದವರು ಬರವಣಿಗಿಲೆ ಕೇಳ್ಯಾರ. ಬರಿಯೋ ಮುಂದ ಅಲ್ಲೆ ಯಾರರೆ ಸ್ವಿಚ್ಚಿಗೆ ಕೈ ಹಚ್ಚಿದ್ರೇನು?”

“ನಾಗಪ್ಪಣ್ಣ ಫ್ಯಾನ್ ಹಾಕಿದ್ರು ರೀ. ಬರೇ ಫ್ಯಾನ್.”

“ಸಾಕಲ್ಲ ಮತ್ತ.”

“ಸಾಹೇಬ್ರ, ಕರೆಂಟ್ ಹೋಗೇ ಇಲ್ರಿ. ನಾನ ನೋಡೇನಿ.”

“ನೀವು ನೋಡೀರಿ, ನಾ ನೋಡಿಲ್ಲ, ಸಂಘದವರೂ ನೋಡಿಲ್ಲ. ಗುತ್ತಿಗಿ ಹೋದ್ರ ಇಲ್ಲೆ ಹದಿನಾಲ್ಕು ಮಂದಿ ಮನೀಗೆ ಹೋಗ್ತಾರ. ಮೊದಲು ನೀವು ಹೋಗ್ತೀರಿ, ನಕಲು ತಗೀಲಿಲ್ಲ ಅಂತ. ಆ ಮನುಷ್ಯಾನ್ನ ಅವರ ಸಂಘ ಏನೂ ಮಾಡೂದಿಲ್ಲ. ಹಳೇ ಮನುಷ್ಯ.”

ನಕಲು ತೆಗೆಯಬೇಡ ಎಂದವರೇ ನಕಲು ತೆಗೆಯಲಿಲ್ಲ ಎಂದು ಹೆದರಿಸುತ್ತಿದ್ದರು. ಅದು ನನಗೆ ಅರ್ಥವಾಗಲಿಲ್ಲವೆಂದಲ್ಲ. ವರದಿ ಆಗಲೇ ಟೈಪಾಗಿತ್ತು: ‘ಫರ್ಮ್‌ವೇರ್ ಬರೆಯುತ್ತಿದ್ದಾಗ ಬಳಕೆದಾರರು ಸ್ವಿಚ್ ಹಲಗೆಯನ್ನು ಮುಟ್ಟಿ ವಿದ್ಯುತ್ ಕಡಿತಗೊಳಿಸಿದ್ದರಿಂದ ಹಾನಿಯಾಗಿದೆ.’ ಕೆಳಗೆ ನನ್ನ ಹೆಸರು. ಸಹಿ ಮಾಡಿದೆ. ಅಂಜಿದೆ, ಅಷ್ಟೇ. ಮನೆಯ ಕಷ್ಟ, ಮಕ್ಕಳ ಓದು ಎಂದು ಈಗ ನೆಪ ಹೇಳಿದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕಾಗುತ್ತದೆ.

‘ಏನೂ ಮಾಡೂದಿಲ್ಲ’ ಎಂದು ಸಾಹೇಬರು ಹೇಳಿದ್ದ ಸಂಘ ಹದಿನೈದು ದಿನದಲ್ಲಿ ನಾಗಪ್ಪಣ್ಣನನ್ನು ವಿನ್ಯಾಸದ ಕೋಣೆಯಿಂದ ಎಬ್ಬಿಸಿ ಕಂಡಿಕೆ ಸುತ್ತಲು ಕೂರಿಸಿತು. ಲಾಳಿಗೆ ನೂಲು ತುಂಬಿಕೊಡುವ ಕೆಲಸ. ಸೆರಗು ಬರೆಯುತ್ತಿದ್ದ ಕೈಗೆ ಅದು. ಸುದ್ದಿ ನನ್ನ ಕಿವಿಗೂ ಬಿತ್ತು. ನಾನೇನು ಮಾಡಿದೆ? ಇಳಕಲ್ಲಿನ ಪಾಳಿ ಬಿಟ್ಟು, ತುಳಸಿಗೇರಿ, ಬೇವೂರು ಕಡೆಯದನ್ನು ಕೇಳಿ ಹಾಕಿಸಿಕೊಂಡೆ. ಸಾಹೇಬರು ಮರುಮಾತಿಲ್ಲದೆ ಕೊಟ್ಟರು.

ನಿವೃತ್ತಿಯಾಗಿ ಎರಡು ತಿಂಗಳಿಗೆ ಇಳಕಲ್ಲಿಗೆ ಹೋದೆ. ಆ ಶಾಲು, ಆ ಚಪ್ಪಾಳೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು. ನಾಗಪ್ಪಣ್ಣ ಮನೆಯಲ್ಲೇ ಕಂಡಿಕೆ ಸುತ್ತುತ್ತ ಕೂತಿದ್ದರು. ನನ್ನನ್ನು ಕಂಡು ಎರಡೂ ಕೈ ಮುಗಿದು ಎದ್ದರು.

“ಬರ್ರಿ ಅಕ್ಕಾರ, ಬರ್ರಿ! ಎಷ್ಟ ವರ್ಷ ಆತ್ರಿ! ಏ ಕಮಲಾ, ಅಕ್ಕಾರು ಬಂದಾರ, ಫ್ಯಾನ್ ಹಾಕ ಬಾ.”

ಫ್ಯಾನಿನ ಗುಂಡಿ ಅವರ ತಲೆಯ ಮೇಲೇ ಇತ್ತು. ಅವರ ಹೆಂಡತಿ ಕಮಲವ್ವ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈ ಒರೆಸಿಕೊಂಡು ಬಂದು ಗುಂಡಿ ಒತ್ತಿದರು. ನನ್ನ ಮುಖ ನೋಡಿ ಹೇಳಿದರು:

“ಐದ ವರ್ಷ ಆತ್ರಿ ಅಕ್ಕಾರ, ಇವರು ಗುಂಡಿ ಮುಟ್ಟೂದಿಲ್ಲ. ದೀಪಾ ಹಚ್ಚಾಕೂ ನಾನ ಬರಬೇಕು. ನಾ ಊರಿಗೆ ಹೋದ್ರ ಕತ್ತಲ್ಯಾಗ ಕೂಡ್ತಾರ.”

“ನನ್ನ ಕೈ ಖೊಟ್ಟಿ ಐತ್ರಿ” ಎಂದು ನಾಗಪ್ಪಣ್ಣ ನಕ್ಕರು. “ಮೊದಲ ನಾನೂ ಒಪ್ಪಿರಲಿಲ್ಲ. ಫ್ಯಾನ್ ಅಷ್ಟ ಒತ್ತೇನಿ ಅಂತ ಜಗಳಾಡಿದೆ. ಆಮ್ಯಾಲ ಸಂಘದಾಗ ರಿಪೋರ್ಟ್ ಓದಿದ್ರು. ಕೆಳಗ ನಿಮ್ಮ ಸಹಿ ಇತ್ತು. ಸುನಂದಕ್ಕಾರು ಸುಳ್ಳ ಬರೀತಾರೇನ್ರಿ? ನೀವು ಎರಡೆರಡ ಸಲ ತಾಳೆ ನೋಡೋ ಮಂದಿ. ನಾನ ಗೊತ್ತಾಗಲಾರದ ಕಂಪ್ಯೂಟರಿನ ಗುಂಡೀನೂ ಒತ್ತಿರಬೇಕು ಅಂತ ಸುಮ್ಮನಾದೆ.”

ಬೈದಿದ್ದರೆ ಸಹಿಸುತ್ತಿದ್ದೆ. ಇದಕ್ಕೆ ತಯಾರಾಗಿ ಹೋಗಿರಲಿಲ್ಲ. ಹೇಳಿದೆ, ಒಂದೂ ಮುಚ್ಚಿಡದೆ: ಬಸ್ಸು, ಪೆನ್‌ಡ್ರೈವು, ತೆಗೆಯದ ನಕಲು, ಟೈಪಾಗಿದ್ದ ವರದಿ, ನನ್ನ ಸಹಿ.

ನಾಗಪ್ಪಣ್ಣ ಕಂಡಿಕೆ ಕೆಳಗಿಟ್ಟರು. “ಹಂಗಾರ ನಾ ಒತ್ತಿಲ್ಲ?”

“ಇಲ್ರಿ.”

“ಫ್ಯಾನ್ ಅಷ್ಟ?”

“ಫ್ಯಾನ್ ಅಷ್ಟ ರೀ.”

“ಖರೇನ?”

“ಖರೇನ ನಾಗಪ್ಪಣ್ಣ. ನನ್ನ ಮಕ್ಕಳಾಣಿ.”

ಕಮಲವ್ವ ಬಾಗಿಲಲ್ಲೇ ನಿಂತಿದ್ದರು. “ಸಹಿ ಮಾಡಿದ ನಿಮ್ಮ ಕೈ ಸೇದಿ ಹೋಗ್ಲಿ!” ಎಂದರು. ನಾನು ತಲೆ ತಗ್ಗಿಸಿದೆ. ಸರಿಯಾಗಿಯೇ ಅಂದರು.

“ಏ, ಸುಮ್ಮನಿರ ನೀ” ಎಂದು ಗದರಿಸಿ ನಾಗಪ್ಪಣ್ಣ ಎದ್ದರು. ಗೋಡೆಯ ಗೂಡಿನಿಂದ ಒಂದು ಹಳೆಯ ಖಾಲಿ ಗ್ರಾಫ್ ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟರು.

“ಇದರ ಮ್ಯಾಲ ಬರದ ಕೊಡ್ರಿ ಅಕ್ಕಾರ. ಅದಕ್ಕ ಸಹಿ ಮಾಡಿದ್ರೆಲ್ಲ, ಇದಕ್ಕೂ ಮಾಡ್ರಿ.”

ಬರೆದೆ. ‘ನಾಗಪ್ಪನವರು ವಿದ್ಯುತ್ ಕಡಿದಿಲ್ಲ. ನಕಲು ತೆಗೆಯದಿದ್ದುದು ನನ್ನ ತಪ್ಪು. ನಾನು ಕೊಟ್ಟ ವರದಿ ಸುಳ್ಳು.’ ಅಷ್ಟು ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಸಹಿ ಹಾಕಿ, “ನಾನ ಸಂಘಕ್ಕ ಒಯ್ದು ಕೊಟ್ಟ ಬರ್ತೇನಿ” ಎಂದೆ.

“ಬ್ಯಾಡ್ರಿ. ಆಗಿನ ಚೇರ್ಮನ್ನರು ತೀರಿಕೊಂಡ್ರು. ಆ ಕಮಿಟೀನೂ ಇಲ್ಲ. ಈಗಿನವರಿಗೆ ನಾ ಯಾರಂತನ ಗೊತ್ತಿಲ್ಲ.”

“ಮತ್ತ ಇದನ್ನ ಯಾರಿಗೆ ತೋರಸ್ತೀರಿ?”

ಅವರು ಹಾಳೆಯನ್ನು ಒಂದಕ್ಷರ ಬಿಡದೆ ಬೆರಳಿಟ್ಟು ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

“ಯಾರಿಗೂ ಇಲ್ರಿ, ನನಗ ಬೇಕು. ಈಗ ನೀವು ಎದುರಿಗೆ ಕುಂತೀರಿ, ನೀವು ಹೇಳಿದ್ದು ಖರೆ ಅನಸ್ತೈತಿ. ನಾಳಿ ಮುಂಜಾನಿ ಎದ್ದ ಕೂಡ್ಲೇ ಮತ್ತ ನಾನ ಒತ್ತೇನಿ ಅನಸ್ತೈತಿ. ಆವಾಗ ತಗದ ಓದಾಕ ಬೇಕ್ರಿ.”